ಹದಿನೈದೇ ನಿಮಿಷದ ಅನ್ನ

ಆ ಹೆಂಗಸನ್ನು ಒಂದು ಕಡೆ ಕೂರಿಸುವುದು ಯಾರ ಕೈಲೂ ಆಗುವ ಕೆಲಸವಾಗಿರಲಿಲ್ಲ. ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಅವಳ ಗಂಡನೇ ಹೇಳುತ್ತಿದ್ದ. ದಿನವಿಡೀ ಬಸ್ಸು ಓಡಿಸುವ ಅವನಿಗೆ ಚಕ್ರದ ವಿಷಯ ಗೊತ್ತು. ಕೆಲಸದ ಜಾಗದಲ್ಲಿ ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು. ತಿರುಗಿ ಬೈಯೋಣವೆಂದರೆ ಅವಳಿಗೆ ಪುರುಸೊತ್ತೆಲ್ಲಿ?

ಇಂಥವಳಿಗೆ ಸಿಕ್ಕ ಕೆಲಸ ಏನು ಗೊತ್ತೆ? ಕಾಯುವುದು. ಅದು ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ತಯಾರಿಸುವ ಕಾರ್ಖಾನೆ. ಎರಡನೇ ಮಹಡಿಯ ತುದಿಯಲ್ಲೊಂದು ಅಡುಗೆಮನೆ. ಉದ್ದನೆಯ ಸ್ಟೀಲ್ ಕಟ್ಟೆ, ಎರಡು ಸಿಂಕು, ಸಾಲಾಗಿ ನಾಲ್ಕು ಕುಕ್ಕರು, ಗೋಡೆಗೊಂದು ಗಡಿಯಾರ. ಯಾವ ಕಾಳಿಗೆ ಎಷ್ಟು ನೀರು, ಎಷ್ಟು ನಿಮಿಷ ಎಂದು ಬೇಯಿಸಿ ನೋಡುವುದು, ನೋಡಿದ್ದನ್ನು ಬರೆದಿಡುವುದು ಅವಳ ಕೆಲಸ. ಅವಳು ಬರೆದದ್ದು ಮೂವತ್ತೆರಡು ಪುಟದ ಪುಸ್ತಕವಾಗಿ ಅಚ್ಚಾಗಿ, ಪ್ರತಿ ಕುಕ್ಕರಿನ ಪೆಟ್ಟಿಗೆಯಲ್ಲೂ ಹೋಗುತ್ತಿತ್ತು. ಈ ಕುಕ್ಕರು ಸೀಟಿ ಹಾಕುವುದಿಲ್ಲ. ಗುಂಡಿ ಒತ್ತಿದರೆ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತದೆ. ಒಳಗೆ ಒತ್ತಡ ತುಂಬಲು ಹತ್ತು ನಿಮಿಷ, ಬೇಯಲು ನಾವು ಹೇಳಿದಷ್ಟು ನಿಮಿಷ, ಒತ್ತಡ ಇಳಿಯಲು ಇನ್ನೊಂದು ಹತ್ತು. ಕೊನೆಗೆ ಪೀಂ ಎನ್ನುತ್ತದೆ, ಅಷ್ಟೆ. ಅಷ್ಟು ಹೊತ್ತು ಅದರ ಮುಖ ನೋಡುತ್ತ ಕೂರಲು ಅವಳಿಂದ ಜಪ್ಪಯ್ಯ ಅಂದರೂ ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಕಟ್ಟೆ ಒರೆಸುವಳು, ಡಬ್ಬಿ ಜೋಡಿಸುವಳು, ಮುಂದಿನ ಸಲದ್ದಕ್ಕೆ ಅಣಿ ಮಾಡುವಳು, ಅದೂ ಮುಗಿದರೆ ಕಿಟಕಿ ಗಾಜು ಉಜ್ಜುವಳು.

ಆ ಗುರುವಾರ ಬೆಳಿಗ್ಗೆ ಅವಳ ಚಡಪಡಿಕೆ ಮನೆಯಿಂದಲೇ ಶುರುವಾಗಿತ್ತು. ಗಂಡ ತಿಂಡಿಗೆ ಕೂತಿದ್ದ. ಅತ್ತೆ ಒಳಗಿಂದ ಬಂದು, ಮಾತ್ರೆಯ ಎರಡು ಹಾಳೆಗಳನ್ನು ಮಗನ ತಟ್ಟೆಯ ಪಕ್ಕ ಇಟ್ಟರು.

"ನೋಡೋ, ಬೆಳಗಿನ ಮಾತ್ರೆ ಇದರಲ್ಲಿ ಯಾವುದು?"

"ನೀನೇ ಓದಮ್ಮ. ಮೇಲೇ ಬರೆದಿದೆಯಲ್ಲ."

"ನಂಗೆಲ್ಲಿ ಬರುತ್ತೆ ಓದಕ್ಕೆ. ಯಾವುದು ಹೇಳು, ಸಾಕು."

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಕಪ್ಪು ತೊಳೆಯಲು ತಿರುಗಿದಳು. ಆ ಕಪ್ಪು ಆಗಲೇ ತೊಳೆದಾಗಿತ್ತು.

ಓದು ಬರುವುದಿಲ್ಲವೆಂಬುದು ಸುಳ್ಳು. ಅತ್ತೆಗೆ ಓದಲು ಚೆನ್ನಾಗಿಯೇ ಬರುತ್ತಿತ್ತು, ಕಲಿಸಿದವಳೇ ಈ ಸೊಸೆ. ಮೂವತ್ತು ವರ್ಷ ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿದು ನಿವೃತ್ತಿಯಾದಾಗ ಅತ್ತೆಗೆ ಲೆಕ್ಕ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎಲ್ಲಿಗೆ ಹೋದರೂ ಹೆಬ್ಬೆಟ್ಟು. ಅವರ ಸ್ವಂತ ತಂಗಿಯೇ, ನಾಲ್ಕು ತರಗತಿ ಓದಿದ ಜಂಬದಲ್ಲಿ, ಅಕ್ಕನನ್ನು 'ಹೆಬ್ಬೆಟ್ಟಕ್ಕ' ಎಂದು ಕರೆದು ನಗುತ್ತಿದ್ದರು. ಸೊಸೆಗೆ ಅದನ್ನು ಕೇಳಿ ಮೈಯೆಲ್ಲ ಉರಿದುಹೋಗಿತ್ತು. ಮಾರನೆಯ ದಿನವೇ ಪಾಟಿ ತಂದಿದ್ದಳು. ಸಾರು ಕುದಿಸುತ್ತ, ಬಟ್ಟೆ ಮಡಿಸುತ್ತ, ನೆಲ ಒರೆಸುತ್ತ, ಎರಡು ವರ್ಷ ಕಲಿಸಿದಳು. ಅತ್ತೆ ಮೊದಲು ಬಸ್ಸಿನ ಬೋರ್ಡು ಓದಿದರು, ಆಮೇಲೆ ಮಾತ್ರೆಯ ಹೆಸರು, ಆಮೇಲೆ ಪೇಪರಿನ ತಲೆಬರಹ. ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ ಮೊದಲ ಪುಸ್ತಕ ಯಾವುದೆಂದರೆ, ಸೊಸೆ ಬರೆದ ಕುಕ್ಕರಿನ ಪುಸ್ತಕ. ಅದಕ್ಕೆ ರಟ್ಟು ಹಾಕಿ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ನಗಬೇಡಿ. ಮನೆಮಂದಿ ಬರೆದ ಪುಸ್ತಕ ದಿಂಬಿನ ಕೆಳಗೆ ಇರುವ ಭಾಗ್ಯ ಎಷ್ಟು ಜನಕ್ಕಿದೆ?

ನಾಲ್ಕು ವಾರದ ಹಿಂದೆ, ಒಂದು ಭಾನುವಾರ, ಆ ತಂಗಿ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆಯೇ ಅತ್ತೆ ಅಪ್ಪಣೆ ಹೊರಡಿಸಿದರು: "ಇವತ್ತು ಯಾರೂ ಅಡುಗೆಮನೆಗೆ ಕಾಲಿಡಬೇಡಿ. ನಾನು ಪುಸ್ತಕ ಓದ್ಕೊಂಡು ಮಾಡ್ತೀನಿ." ಡಾಕ್ಟರು ಪಾಲಿಶ್ ಮಾಡಿದ ಅಕ್ಕಿ ಬಿಡಿ ಎಂದಾಗಿನಿಂದ ಮನೆಯಲ್ಲಿ ಬ್ರೌನ್ ರೈಸೇ ಆಗುತ್ತಿತ್ತು. ತಂಗಿ ಬಂದು ಬಾಗಿಲಲ್ಲಿ ನಿಂತು ನೋಡುತ್ತಿರುವಂತೆಯೇ ಅತ್ತೆ ಕನ್ನಡಕ ಏರಿಸಿ, ಹದಿನಾಲ್ಕನೇ ಪುಟ ತೆರೆದು, ಬೆರಳಿಟ್ಟು ಓದಿದರು. 'ಒಂದು ಲೋಟ ಬ್ರೌನ್ ರೈಸ್ ತೊಳೆಯಿರಿ. ಒಂದೂಕಾಲು ಲೋಟ ನೀರು ಹಾಕಿ. ಮುಚ್ಚಳ ತಿರುಗಿಸಿ. ಹದಿನೈದು ನಿಮಿಷ.' ಓದಿದ್ದು ಒಂದು ಸಾಲು, ಮಾಡಿದ್ದು ಒಂದು ಕೆಲಸ, ಮತ್ತೆ ಒಂದು ಸಾಲು.

ಅನ್ನ ತಟ್ಟೆಗೆ ಬಂತು. ಬಾಯಿಗಿಟ್ಟರೆ ಕಟಕಟ. ನಡುವಿನ ತಿರುಳು ಹಾಗೆಹಾಗೇ ಹಸಿ.

ತಂಗಿ ತುತ್ತನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟು ನಕ್ಕರು. ಆ ನಗುವನ್ನು ಸೊಸೆ ನುಂಗಿಕೊಳ್ಳಬಹುದಿತ್ತು. ಆದರೆ ಹಸಿಯಾದದ್ದು ತನ್ನ ಪುಸ್ತಕದ ಅನ್ನ, ತನ್ನ ಹದಿನೈದು ನಿಮಿಷ. ಅವಳಿಗೆ ಮೂಗಿನ ತುದಿಯಲ್ಲಿ ಕೋಪ.

"ಅತ್ತೆ, ಅಕ್ಷರ ಕೂಡಿಸಿ ಓದಿದ್ರೆ ಸಾಲದು, ಏನು ಬರೆದಿದೆ ಅಂತ ತಲೆಗೆ ಹೋಗ್ಬೇಕು. ಎಲ್ಲೋ ಒಂದು ಸಾಲು ಹಾರಿಸಿಬಿಟ್ಟಿದೀರಿ."

"ಒಂದು ಸಾಲೂ ಬಿಟ್ಟಿಲ್ಲ ಕಣಮ್ಮ."

"ಹಾಗಾದ್ರೆ ಅನ್ನ ಹೇಗೆ ಹಸಿಯಾಯ್ತು? ನಾನು ಹತ್ತೊಂಬತ್ತು ಸಲ ಮಾಡಿ ಬರೆದಿದ್ದು ಅದು! ಹತ್ತೊಂಬತ್ತು ಸಲ!"

"ಬಿಡೇ, ಪಾಪ," ಎಂದರು ತಂಗಿ, ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತ. "ಈ ವಯಸ್ಸಲ್ಲಿ ಹೆಬ್ಬೆಟ್ಟಕ್ಕನಿಗೆ ಅಕ್ಷರ ಹತ್ತುತ್ತಾ?"

ಅತ್ತೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ಮಾರನೆಯ ದಿನ ಸಂಜೆ ನೋಡಿದರೆ ಕನ್ನಡಕ ಅದರ ಡಬ್ಬಿಯೊಳಗೆ, ಡಬ್ಬಿ ಬೀರುವಿನ ಮೇಲೆ, ಕೈಗೆ ಎಟುಕದ ಕಡೆ. ಅಂದಿನಿಂದ ಅತ್ತೆ ಒಂದಕ್ಷರ ಓದಿರಲಿಲ್ಲ. ಪೇಪರು ಬಂದರೆ ಮಡಿಸಿ ಇಡುವರು. ಬಸ್ಸು ಬಂದರೆ ಪಕ್ಕದವರನ್ನು ಕೇಳುವರು.

ಸೊಸೆ ಕ್ಷಮೆ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಏನೆಂದು ಕೇಳುವುದು? ತಪ್ಪು ಅತ್ತೆಯದೇ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಆಡಿದ ರೀತಿ ಒರಟಾಯಿತು, ಆಡಿದ ಮಾತು ಸುಳ್ಳಲ್ಲ, ಇಷ್ಟು ಅವಳ ವಾದ. ವಾದ ಗಟ್ಟಿ ಇದ್ದರೂ ನಾಲ್ಕು ವಾರದಿಂದ ಅತ್ತೆಯ ಮುಖವನ್ನು ನೇರವಾಗಿ ನೋಡಿರಲಿಲ್ಲ.

ಕಾರ್ಖಾನೆಗೆ ಬಂದರೆ ಮೇಜಿನ ಮೇಲೆ ಪುಸ್ತಕದ ಎರಡನೇ ಅಚ್ಚಿನ ಕರಡು ಕೂತಿತ್ತು. ಮಧ್ಯಾಹ್ನ ನಾಲ್ಕಕ್ಕೆ ಮುದ್ರಣದವರಿಗೆ ಹೋಗಬೇಕು, ಅದಕ್ಕೆ ಮುಂಚೆ ಅವಳ ಸಹಿ ಬೀಳಬೇಕು. ಕರಡಿನ ಪಕ್ಕದಲ್ಲಿ ಎಂಜಿನಿಯರ್ ನಿಂತಿದ್ದ. ಕುಕ್ಕರಿನ ಒಳಗಿನ ತಂತಿ, ಗುಂಡಿ, ಗಡಿಯಾರ ಎಲ್ಲ ಅವನದು. ತೀರಾ ನಿಧಾನದ ಆಸಾಮಿ. ಒಂದು ವಾಕ್ಯ ಶುರು ಮಾಡಿದರೆ ಮುಗಿಯುವಷ್ಟರಲ್ಲಿ ಅವಳು ಎರಡು ಪಾತ್ರೆ ತೊಳೆದಿರುತ್ತಿದ್ದಳು. ಅವನ ಕೈಯಲ್ಲಿ ಏಳು ಕಾಗದವಿತ್ತು.

"ಎಲ್ಲರದ್ದೂ... ಒಂದೇ ದೂರು. ಹದಿನಾಲ್ಕನೇ ಪುಟ. ಬ್ರೌನ್ ರೈಸ್ ಬೇಯ್ತಿಲ್ಲ."

ಅವಳು ಕಾಗದಗಳನ್ನು ಕಿತ್ತುಕೊಂಡು ಮಗುಚಿ ಮಗುಚಿ ನೋಡಿದಳು. "ಜನಕ್ಕೆ ನೀರು ಅಳೆಯಕ್ಕೆ ಬರಲ್ಲ."

"ಏಳು ಜನಕ್ಕೂನಾ?"

"ಯಾಕಿರಬಾರದು? ನಾನು ಹತ್ತೊಂಬತ್ತು ಸಲ ಮಾಡಿದೀನಿ. ನಮ್ಮನೇಲಿ ದಿನಾ ಸಂಜೆ ಇದೇ ಅನ್ನ ಮಾಡ್ತೀನಿ, ಹೂವಿನ ಹಾಗೆ ಅರಳಿರುತ್ತೆ."

"ಹತ್ತು ನಿಮಿಷ ಜಾಸ್ತಿ ಅಂತ ಬರೆದುಬಿಡಿ. ಸಹಿ ಹಾಕಿ. ಮುಗೀತು."

"ಸುಮ್ಮನೆ ಹೇಗ್ರೀ ಬರೆಯೋದು? ನಿಮ್ಮ ಯಂತ್ರ ಇಲ್ಲೇ ಇದೆ, ನನ್ನ ಅಕ್ಕಿ ಇಲ್ಲೇ ಇದೆ. ಈಗಲೇ ಮಾಡಿ ತೋರಿಸ್ತೀನಿ. ನಿಂತ್ಕೊಂಡು ನೋಡಿ."

ಸಂಖ್ಯೆಯ ಮೇಲೆ ಅವಳಿಗೆ ಅಷ್ಟು ಹಟ ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತು. ಹದಿನೈದು ತಪ್ಪಾದರೆ, ಆ ಭಾನುವಾರ ಆಡಿದ ಮಾತೂ ತಪ್ಪಾಗುತ್ತದೆ. ಆಮೇಲೆ ಯಾವ ಮುಖ ಹೊತ್ತು ಮನೆಗೆ ಹೋಗುವುದು?

ಲೋಟ ತುಂಬಾ ಅಕ್ಕಿ ಅಳೆದಳು, ತೊಳೆದಳು, ನೀರು ಹಾಕಿದಳು, ಮುಚ್ಚಳ ತಿರುಗಿಸಿ ಗುಂಡಿ ಒತ್ತಿದಳು. ಎಂಜಿನಿಯರ್ ಗೋಡೆಗೆ ಒರಗಿ ನಿಂತ. ಅವಳು ಕಟ್ಟೆ ಒರೆಸಿದಳು. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿ, ಚೆನ್ನಾಗಿ ಕಾಣಲಿಲ್ಲವೆಂದು ಅಗಲದ ಪ್ರಕಾರ ಜೋಡಿಸಿದಳು. ಮೂವತ್ತೈದು ನಿಮಿಷಕ್ಕೆ ಪೀಂ ಎಂದಿತು. ಮುಚ್ಚಳ ತೆಗೆದು, ಎರಡು ಅಗುಳು ಬೆರಳ ನಡುವೆ ಹಿಡಿದು ಒತ್ತಿದಳು. ನಡುವೆ ಬಿಳಿಯ ಚುಕ್ಕೆ. ಹಸಿ.

"ಇದನ್ನ ಲೆಕ್ಕಕ್ಕೆ ತಗೋಬೇಡಿ," ಎಂದಳು, ಕಣ್ಣು ಮಿಟುಕಿಸದೆ. "ದಿನದ ಮೊದಲನೇದು ಯಾವಾಗಲೂ ಹೀಗೇ. ಯಂತ್ರ ತಣ್ಣಗಿರುತ್ತಲ್ಲ. ನಾನು ಮೊದಲನೇದನ್ನ ಹೊಡೆದುಹಾಕಿಬಿಡ್ತೀನಿ."

"ಯಾವಾಗಲೂ?"

"ನೋಡಿ ಬೇಕಾದ್ರೆ." ತನ್ನ ನೋಟ್‌ಬುಕ್ಕು ಬಿಚ್ಚಿ ಅವನ ಮುಂದೆ ಹಿಡಿದಳು. ಆರು ದಿನದ ಪರೀಕ್ಷೆ, ಒಟ್ಟು ಇಪ್ಪತ್ತೈದು ಸಲ. ಪ್ರತಿ ದಿನದ ಮೊದಲ ಸಾಲಿಗೂ ಒಂದು ಅಡ್ಡಗೆರೆ, ಪಕ್ಕದಲ್ಲಿ 'ಯಂತ್ರ ತಣ್ಣಗಿತ್ತು'. ಆರು ಕಳೆದು ಉಳಿದದ್ದು ಹತ್ತೊಂಬತ್ತು, ಎಲ್ಲದರ ಮುಂದೆಯೂ 'ಉತ್ತಮ'.

ಎಂಜಿನಿಯರ್ ಸಾವಕಾಶವಾಗಿ ಓದಿದ. ಓದಿ ಮುಗಿಸಿ ತಲೆಯೆತ್ತಿದ.

"ಮನೇಲಿ ಜನ ಹೊತ್ತಿಗೆ ಒಂದು ಸಲ ತಾನೇ ಅನ್ನ ಮಾಡೋದು?"

"ಹೂಂ, ಮತ್ತೆ?"

"ಹಾಗಾದ್ರೆ ಅವರಿಗೆಲ್ಲ... ದಿನಾ ಮೊದಲನೇದೇ ಅಲ್ವಾ?"

ಅವಳು ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿ ಅಡ್ಡಗೆರೆಗಳನ್ನು ಎಣಿಸಿದಳು.

"ಇನ್ನೊಂದು ವಿಷಯ," ಎಂದ ಅವನು. "ತಣ್ಣಗಿದ್ರೂ ಬಿಸಿಯಿದ್ರೂ ಇದಕ್ಕೆ ವ್ಯತ್ಯಾಸ ಇಲ್ಲ. ಒಳಗೆ ಒತ್ತಡ ತುಂಬಿದ ಮೇಲೇ ಹದಿನೈದು ಎಣಿಸಕ್ಕೆ ಶುರು ಮಾಡೋದು. ಹಾಗೇ ಕಟ್ಟಿದೀನಿ ನಾನು."

"ಮತ್ತೆ ಎರಡನೇದು, ಮೂರನೇದು ಯಾಕೆ ಚೆನ್ನಾಗಿ ಬರುತ್ತೆ?"

"ಅದೇ ನಂಗೂ ಗೊತ್ತಾಗ್ತಿಲ್ಲ. ಎರಡನೇದು ಮಾಡಿ, ನೋಡೋಣ. ಆದ್ರೆ ಒಂದು ಮಾತು." ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ಕಟ್ಟೆಯ ಮುಂದೆ ಇಟ್ಟ. "ಈ ಸಲ ಕೂತ್ಕೊಂಡಿರಿ. ಏನೂ ಮುಟ್ಟಬೇಡಿ. ನೀವು ಆ ಕಡೆ ಈ ಕಡೆ ಓಡಾಡ್ತಿದ್ರೆ ನಂಗೆ ಏನು ನಡೀತಿದೆ ಅಂತಾನೇ ತಿಳಿಯಲ್ಲ. ಅರ್ಧ ಗಂಟೆಯಿಂದ ನಿಮ್ಮನ್ನ ನೋಡಿ ನನ್ನ ತಲೆ ಚಿಟ್ಟು ಹಿಡಿದಿದೆ."

ಅಷ್ಟು ಉದ್ದದ ಮಾತು ಅವನ ಬಾಯಿಂದ ಅವಳು ಕೇಳಿರಲಿಲ್ಲ. ಸಿಟ್ಟಿನಿಂದಲೇ ಅಕ್ಕಿ ಅಳೆದಳು, ತೊಳೆದಳು, ಬಿಸಿಯಾಗಿದ್ದ ಅದೇ ಕುಕ್ಕರಿಗೆ ಹಾಕಿ ಗುಂಡಿ ಒತ್ತಿದಳು. ಸ್ಟೂಲಿನ ಮೇಲೆ ಕೂತಳು.

ಅಯ್ಯೋ, ಆ ಕೂರುವಿಕೆಯ ಕಷ್ಟ ಏನು ಹೇಳಲಿ! ಎರಡು ನಿಮಿಷಕ್ಕೆ ಕೈ ತುರಿಸಿತು. ನಾಲ್ಕು ನಿಮಿಷಕ್ಕೆ ಕಾಲು ತನ್ನಷ್ಟಕ್ಕೆ ಕುಣಿಯತೊಡಗಿತು. ಸಿಂಕಿನಲ್ಲೊಂದು ಚಮಚ ಬಿದ್ದಿತ್ತು, ಅದು ಅವಳನ್ನೇ ನೋಡುತ್ತಿತ್ತು. ಅವಳು ಎದ್ದಳು. ಎಂಜಿನಿಯರ್ ಕೆಮ್ಮಿದ. ಕೂತಳು. ಗಡಿಯಾರದ ಮುಳ್ಳು ಸತ್ತು ಬಿದ್ದಿದೆಯೋ ಎಂದು ನೋಡಿದಳು, ಇಲ್ಲ, ಸರಿಯಾಗಿಯೇ ನಡೆಯುತ್ತಿತ್ತು. ಕಿಟಕಿಯಾಚೆ ಲಾರಿಯೊಂದಕ್ಕೆ ಪೆಟ್ಟಿಗೆ ತುಂಬುತ್ತಿದ್ದರು, ಪ್ರತಿ ಪೆಟ್ಟಿಗೆಯ ಮೇಲೂ ದಪ್ಪ ಅಕ್ಷರದಲ್ಲಿ 'ಬ್ರೌನ್ ರೈಸ್: ಹದಿನೈದೇ ನಿಮಿಷ!' ಎಂದು ಇತ್ತು. ಆ ಉದ್ಗಾರಚಿಹ್ನೆ ಅವಳೇ ಹಾಕಿಸಿದ್ದು.

ಸುಮ್ಮನೆ ಕೂತವರ ತಲೆಗೆ ಬೇಡದ್ದೇ ಬರುತ್ತದೆ, ಅದಕ್ಕೇ ಅವಳು ಕೂರುತ್ತಿರಲಿಲ್ಲ. ಈಗ ಬಂತು. ಅತ್ತೆಯ ಬೆರಳು ಬಂತು. ಸೂಜಿ ಚುಚ್ಚಿ ಚುಚ್ಚಿ ತುದಿ ಗಟ್ಟಿಯಾದ ಬೆರಳು, ಹದಿನಾಲ್ಕನೇ ಪುಟದ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. 'ತೊಳೆಯಿರಿ.' ಆಮೇಲೆ? 'ನೀರು ಹಾಕಿ.' ನಡುವೆ ಏನೂ ಇಲ್ಲ. ಅತ್ತೆ ನಡುವೆ ಏನೂ ಮಾಡಿರಲಿಲ್ಲ, ಯಾಕೆಂದರೆ ನಡುವೆ ಏನೂ ಬರೆದಿರಲಿಲ್ಲ. ಒಂದು ಸಾಲೂ ಬಿಟ್ಟಿಲ್ಲ ಕಣಮ್ಮ.

ಪೀಂ ಎಂದಿತು. ಅವಳು ಮುಚ್ಚಳ ತೆಗೆದಳು. ಯಂತ್ರ ಬಿಸಿಯಾಗಿತ್ತು, ದಿನದ ಎರಡನೇ ಸಲದ್ದು, ನೋಟ್‌ಬುಕ್ಕಿನ ಪ್ರಕಾರ 'ಉತ್ತಮ' ಆಗಿರಬೇಕಾದದ್ದು. ಅಗುಳು ಒತ್ತಿದಳು. ಬಿಳಿಯ ಚುಕ್ಕೆ.

"ಹಸಿ," ಎಂದ ಎಂಜಿನಿಯರ್. "ಹಾಗಾದ್ರೆ ಹತ್ತೊಂಬತ್ತು ಸಲ ಏನು ಬೇರೆ ಮಾಡ್ತಿದ್ರಿ?"

"ಏನೂ ಬೇರೆ ಮಾಡ್ತಿರಲಿಲ್ಲ! ಹೀಗೇ ತೊಳೀತಿದ್ದೆ, ಹೀಗೇ ಹಾಕ್ತಿದ್ದೆ..." ಮಾತಾಡುತ್ತಲೇ ಅವಳ ಕೈ ಡಬ್ಬಿಯಿಂದ ಮುಂದಿನ ಲೋಟ ಅಕ್ಕಿ ತೆಗೆದಿತ್ತು, ಬೋಗುಣಿಗೆ ಸುರಿದಿತ್ತು, ತೊಳೆದಿತ್ತು, ಹೊಸ ನೀರು ತುಂಬಿ ಬೋಗುಣಿಯನ್ನು ಕಟ್ಟೆಯ ತುದಿಗೆ ಸರಿಸಿತ್ತು. ಸರಿಸಿದ ಕೈ ಅಲ್ಲೇ ನಿಂತಿತು.

ಅವಳು ಆ ಬೋಗುಣಿಯನ್ನೇ ನೋಡಿದಳು. ಎಂಜಿನಿಯರೂ ನೋಡಿದ.

ಮುಂದಿನ ಸಲದ್ದಕ್ಕೆ ಅಣಿ ಮಾಡುವುದು. ಒಂದು ಬೇಯುತ್ತಿರುವಾಗ ಬರಿಗೈಯಲ್ಲಿ ನಿಲ್ಲಲಾರದೆ ಇನ್ನೊಂದನ್ನು ತೊಳೆದು ನೀರಲ್ಲಿ ಹಾಕಿಡುವುದು. ಬೆಂದದ್ದು ನೋಡಿ, ಬರೆದಿಟ್ಟು, ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಹಾಕಿಟ್ಟದ್ದು ಮುಕ್ಕಾಲು ಗಂಟೆ ನೆನೆದಿರುತ್ತಿತ್ತು. ದಿನದ ಮೊದಲನೆಯದಕ್ಕೆ ಮಾತ್ರ ನೆನೆಯಲು ಹೊತ್ತು ಸಿಗುತ್ತಿರಲಿಲ್ಲ. ಇವತ್ತು ಒಂದೇ ಸಲ ತೋರಿಸಿದರೆ ಸಾಕೆಂದುಕೊಂಡದ್ದರಿಂದ ಎರಡನೆಯದಕ್ಕೂ ಸಿಕ್ಕಿರಲಿಲ್ಲ. ಮನೆಯಲ್ಲೂ ಅಷ್ಟೇ, ಸಂಜೆ ಚಪ್ಪಲಿ ಬಿಡುತ್ತಲೇ ಅಕ್ಕಿ ತೊಳೆದು ನೀರಲ್ಲಿ ಬಿಟ್ಟು, ಹತ್ತು ಕೆಲಸ ಮುಗಿಸಿ ಬಂದು ಕುಕ್ಕರಿಗೆ ಹಾಕುತ್ತಿದ್ದಳು. ನೆನೆಸುತ್ತಿದ್ದೇನೆ ಎಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. ಕೆಲಸ ಮುಂದಕ್ಕೆ ಸಾಗಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅನಿಸದೇ ಇದ್ದದ್ದನ್ನು ಪುಸ್ತಕದಲ್ಲಿ ಬರೆಯುವುದು ಹೇಗೆ?

"ನೆನೆದಿತ್ತು," ಎಂದಳು ಅವಳು. ಧ್ವನಿ ಅವಳದಲ್ಲವೇನೋ ಎಂಬಷ್ಟು ಸಣ್ಣಗಿತ್ತು. "ಹತ್ತೊಂಬತ್ತೂ ನೆನೆದ ಅಕ್ಕಿ ಕಣ್ರೀ. ನೆನೆಸಿ ಅಂತ ನಾನು ಎಲ್ಲೂ ಬರೆದೇ ಇಲ್ಲ."

"ಓ," ಎಂದ ಅವನು. ಆಮೇಲೆ ಕುಕ್ಕರಿನ ಮುಚ್ಚಳ ತಟ್ಟಿ, "ಒಳ್ಳೇದಾಯ್ತು, ಯಂತ್ರದ ತಪ್ಪಲ್ಲ," ಎಂದ.

ಅವಳಿಗೆ ಅವನ ತಲೆಗೆ ಚಮಚದಿಂದ ಕುಟ್ಟಬೇಕು ಅನಿಸಿತು. ಕುಟ್ಟಲಿಲ್ಲ. ನೆನೆಸದ ಅಕ್ಕಿ ಇನ್ನೊಂದು ಲೋಟ ತೊಳೆದು, ಅಂದಾಜಿನ ಮೇಲೆ ಇಪ್ಪತ್ತನಾಲ್ಕು ನಿಮಿಷ ಇಟ್ಟಳು. ಪಕ್ಕದ ಕುಕ್ಕರಿನಲ್ಲಿ ಬೋಗುಣಿಯ ಅಕ್ಕಿಯನ್ನು, ಗಡಿಯಾರ ನೋಡಿ ಸರಿಯಾಗಿ ಮುಕ್ಕಾಲು ಗಂಟೆ ನೆನೆಸಿ, ಹದಿನೈದು ನಿಮಿಷ ಇಟ್ಟಳು. ಎರಡೂ ಬೆಂದವು, ಎರಡರಲ್ಲೂ ಬಿಳಿಯ ಚುಕ್ಕೆ ಇರಲಿಲ್ಲ. ಇನ್ನೊಮ್ಮೆ ಎರಡನ್ನೂ ಇಟ್ಟಳು. ಮತ್ತೆ ಬೆಂದವು. ಈ ಹೊತ್ತಿನಲ್ಲೇ ದೊಡ್ಡ ಸಾಹೇಬರಿಗೆ ಫೋನು ಮಾಡಿ, ಪೆಟ್ಟಿಗೆಯ ಮೇಲಿನ 'ಹದಿನೈದೇ' ಅಳಿಸಬೇಕೆಂದೂ ತಪ್ಪು ತನ್ನದೆಂದೂ ಹೇಳಿದಳು. ಸಾಹೇಬರು ಕೂಗಾಡಿದ್ದು ಎಂಜಿನಿಯರಿಗೂ ಕೇಳಿಸಿತು. ಅವಳು 'ಹೌದು ಸಾರ್, ನನ್ನದೇ ಸಾರ್' ಎಂದಷ್ಟೇ ಹೇಳಿ ಫೋನಿಟ್ಟಳು. ಬೇರೆ ದಿನವಾಗಿದ್ದರೆ ಆ ಕೂಗಾಟಕ್ಕೆ ಜೀವ ಬಾಯಿಗೆ ಬರುತ್ತಿತ್ತು. ಇವತ್ತು ಅವಳ ಹೆದರಿಕೆಯೆಲ್ಲ ಬೇರೆ ಕಡೆ ಖರ್ಚಾಗಿತ್ತು.

ಹದಿನಾಲ್ಕನೇ ಪುಟವನ್ನು ಪೆನ್ಸಿಲಿನಲ್ಲಿ ಹೊಸದಾಗಿ ಬರೆದಳು. ಮೂರೂಕಾಲು ಗಂಟೆ.

"ಸಹಿ ಹಾಕಿ ಕೊಡಿ, ನಾನು ಕಳಿಸ್ತೀನಿ," ಎಂದ ಎಂಜಿನಿಯರ್.

"ಇಲ್ಲ. ಇದನ್ನ ಒಬ್ಬರು ಓದಬೇಕು, ಆಮೇಲೆ."

"ಯಾರು?"

"ಬರೆದದ್ದನ್ನ ಬರೆದ ಹಾಗೇ ಓದಿದವರು ಒಬ್ಬರೇ ಇರೋದು," ಎಂದು ಕರಡನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಮೆಟ್ಟಿಲಿಳಿದಳು.

ಮನೆ ಹದಿನೈದು ನಿಮಿಷದ ದಾರಿ. ಅರ್ಧ ಓಡಿದಳು. ಮಿಕ್ಕರ್ಧದಲ್ಲಿ, ಅವಳ ಜನ್ಮದಲ್ಲೇ ಮೊದಲ ಬಾರಿಗೆ, ಕಾಲು ಹಿಂದೆ ಎಳೆಯಿತು. ಏನೆಂದು ಶುರು ಮಾಡುವುದು? ಅತ್ತೆ ನಕ್ಕುಬಿಟ್ಟರೆ ಸರಿ. ಬೈದರೂ ಸರಿ. ಸುಮ್ಮನಿದ್ದುಬಿಟ್ಟರೆ? ಪಾದಚಾರಿಗಳು ರಸ್ತೆ ದಾಟುವ ಕಡೆ ಹಸಿರು ದೀಪ ಬಂದು ಹೋದರೂ ನಿಂತೇ ಇದ್ದಳು. ಹಿಂದಿದ್ದವರೊಬ್ಬರು "ಹೋಗ್ರಮ್ಮ, ನಿದ್ದೇನಾ?" ಎಂದರು. ಗಡಿಬಿಡಿಗೆ ಯಾರೂ ಹಾಗೆಂದು ಕೇಳಿರಲಿಲ್ಲ.

ಅತ್ತೆ ಕಿಟಕಿಯ ಬಳಿ ಕೂತು ಮಗನ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದರು. ಸೊಸೆ ಈ ಹೊತ್ತಿನಲ್ಲಿ ಬಂದದ್ದು ನೋಡಿ ಸೂಜಿ ಕೆಳಗಿಟ್ಟರು.

"ಏನಾಯ್ತೇ? ಹುಷಾರಿಲ್ವಾ?"

"ಅತ್ತೆ, ನೀವು ಒಂದು ಸಾಲೂ ಬಿಟ್ಟಿರಲಿಲ್ಲ. ಬರೆಯುವಾಗ ನಾನೇ ಬಿಟ್ಟಿದ್ದೆ." ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು. ತೊಳೆದಿಟ್ಟ ಬೋಗುಣಿ, ಅಡ್ಡಗೆರೆ ಎಳೆದ ಆರು ಸಾಲು, ಏಳು ದೂರು, ಎಲ್ಲ ಹೇಳಿದಳು. "ನಿಮ್ಮ ಓದು ಸರಿಯಾಗೇ ಇತ್ತು. ನನ್ನ ಪುಸ್ತಕವೇ ಸರಿಯಿರಲಿಲ್ಲ. ನಿಮ್ಮ ತಂಗಿ ಎದುರಿಗೆ ಅಂಥ ಮಾತಾಡಿಬಿಟ್ಟೆ. ನನ್ನದು ತಪ್ಪಾಯ್ತು ಅತ್ತೆ."

ಅತ್ತೆ ಸೂಜಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೂತರು. ಸೊಸೆಗೆ ಕುರ್ಚಿ ಸರಿಮಾಡಬೇಕು, ನೀರು ಕುಡಿಯಬೇಕು, ಏನಾದರೂ ಮಾಡಬೇಕು ಎಂದು ಕೈ ಹಾತೊರೆಯಿತು. ಮಾಡದೆ ನಿಂತಳು.

"ಆವತ್ತಾದ ಮೇಲೆ ಹನ್ನೊಂದು ಸಲ ಓದಿದೆ ಆ ಪುಟಾನ," ಎಂದರು ಅತ್ತೆ. "ಮಾರನೇ ದಿನ, ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ. ಯಾವ ಸಾಲು ಬಿಟ್ಟೆ, ಯಾವ ಸಾಲು ಬಿಟ್ಟೆ ಅಂತ ಹುಡುಕಿದೆ. ಸಿಗಲೇ ಇಲ್ಲ. ಪುಸ್ತಕ ಒಂದು ಹೇಳ್ತಿದೆ, ನೀನು ಒಂದು ಹೇಳ್ತಿದೀಯ. ಯಾವುದನ್ನ ನಂಬ್ಲಿ?"

"ಪುಸ್ತಕ ನಂಬಬೇಕಿತ್ತು ಅತ್ತೆ."

"ನಿನ್ನನ್ನ ನಂಬಿದೆ ಕಣೇ," ಎಂದರು ಅತ್ತೆ. "ಕಲಿಸಿದವಳು ನೀನು. ನೀನೇ ಬರಲ್ಲ ಅಂದಮೇಲೆ ಬರಲ್ಲ ಅಂತ ಕನ್ನಡಕ ಎತ್ತಿಟ್ಟೆ."

ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ಅತ್ತಳು. ಅತ್ತೆ ಎದ್ದು ಬಂದು ಸಮಾಧಾನ ಮಾಡಲಿಲ್ಲ; ಅಷ್ಟು ಸುಲಭಕ್ಕೆ ಬಿಡುವ ಹೆಂಗಸಲ್ಲ ಅವರು. ಅಳು ಮುಗಿಯುವವರೆಗೆ ಕಾದು, "ಆಯ್ತಾ?" ಎಂದು ಕೇಳಿದರು.

"ಈಗಲೇ ನಿಮ್ಮ ತಂಗಿಗೆ ಫೋನ್ ಮಾಡಿ ಹೇಳಿಬಿಡ್ತೀನಿ."

"ಫೋನಲ್ಲಿ ಬೇಡ. ಎದುರಿಗೆ ಅಂದಿದ್ದನ್ನ ಎದುರಿಗೇ ಹೇಳ್ಬೇಕು. ಭಾನುವಾರ ಊಟಕ್ಕೆ ಕರಿ. ಅಡುಗೆ ನಾನೇ ಮಾಡೋದು, ಓದ್ಕೊಂಡು. ನೀನು ಕೈಕಟ್ಟಿ ಕೂತಿರಬೇಕು. ಎದ್ದರೆ ನೋಡು ಮತ್ತೆ."

"ಕೂತಿರ್ತೀನಿ."

"ಹಂಗಿದ್ರೆ ಆ ಕನ್ನಡಕ ಇಳಿಸು. ನಂಗೆ ಎಟುಕಲ್ಲ."

ಸೊಸೆ ಸ್ಟೂಲು ಹತ್ತಿ ಬೀರುವಿನ ಮೇಲಿಂದ ಡಬ್ಬಿ ತೆಗೆದಳು. ಮೇಲೆ ನಾಲ್ಕು ವಾರದ ಧೂಳಿತ್ತು. ತನ್ನ ಬಟ್ಟೆಯ ತುದಿಯಿಂದ ಗಾಜು ಒರೆಸಿ ಕೊಟ್ಟಳು. ಅತ್ತೆ ಕನ್ನಡಕ ಏರಿಸಿ, ಕರಡನ್ನು ಮೇಜಿನ ಮೇಲೆ ಹಾಸಿ, ಹದಿನಾಲ್ಕನೇ ಪುಟದ ಮೇಲೆ ಬೆರಳಿಟ್ಟರು.

"ಒಂದು ಲೋಟ... ಬ್ರೌನ್ ರೈಸ್... ತೊಳೆಯಿರಿ. ಮುಕ್ಕಾಲು ಗಂಟೆ ನೆನೆಸಿ. ಒಂದೂಕಾಲು ಲೋಟ... ನೀರು ಹಾಕಿ. ಮುಚ್ಚಳ ತಿರುಗಿಸಿ... ಹದಿನೈದು ನಿಮಿಷ. ನೆನೆಸದಿದ್ದರೆ... ಇಪ್ಪತ್ತನಾಲ್ಕು." ನಾಲ್ಕು ವಾರ ಬಿಟ್ಟದ್ದಕ್ಕೆ ಓದು ಸ್ವಲ್ಪ ಎಡವುತ್ತಿತ್ತು. ಸೊಸೆಯ ತುಟಿ ಮುಂದಿನ ಪದ ಹೇಳಿಕೊಡಲು ಅಲುಗಿತು. ಹಲ್ಲು ಕಚ್ಚಿ ತಡೆದುಕೊಂಡಳು. ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಅತ್ತೆಯ ಬೆರಳು ಮೊದಲ ಸಾಲಿಗೆ ಹಿಂತಿರುಗಿತು.

"ತೊಳೆಯಿರಿ ಅಂದ್ರೆ ಎಷ್ಟು ಸಲ?"

"ಮೂರು ಸಲ ಅತ್ತೆ, ಅದು ಯಾರಿಗೆ ಗೊತ್ತಿಲ್ಲ, ಎಲ್ಲರಿಗೂ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಜಡೆಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಅತ್ತೆಯ ಮುಂದೆ ಇಟ್ಟಳು. "ನೀವೇ ಬರೀರಿ."

"ನಾನಾ? ಇದು ಅಚ್ಚಿಗೆ ಹೋಗೋದಲ್ವೇನೇ?"

"ಅದಕ್ಕೇ."

ಅತ್ತೆ ಪೆನ್ಸಿಲನ್ನು ಸೂಜಿಯಂತೆ ಹಿಡಿದರು. 'ತೊಳೆಯಿರಿ' ಎಂಬುದರ ಹಿಂದೆ, ಸಾಲಿನ ಮೇಲೆ, ಒಂದೊಂದೇ ಅಕ್ಷರ ಕೂರಿಸಿ 'ಮೂರು ಸಲ' ಎಂದು ಬರೆದರು. ಬರೆದು, ದೂರ ಹಿಡಿದು ನೋಡಿದರು. ಮುಖದ ಮೇಲೆ ಸಣ್ಣಗೆ ನಗು ಬಂತು, ಅದನ್ನು ತಕ್ಷಣ ಒಳಗೆ ಹಾಕಿಕೊಂಡರು.

ಅಷ್ಟರಲ್ಲಿ ಸೊಸೆಯ ಫೋನು ಹೊಡೆದುಕೊಂಡಿತು. ಎಂಜಿನಿಯರ್. "ಮುದ್ರಣದವರು... ಬಂದು ಕಾಯ್ತಿದಾರೆ," ಎಂದ.

ಅವಳು ಕರಡಿಗೆ ಕೈ ಚಾಚಿದಳು. ಅತ್ತೆ ಅದನ್ನು ತಮ್ಮ ಕಡೆ ಎಳೆದುಕೊಂಡರು.

"ಇದೊಂದು ಪುಟದ್ದು ಸರಿಯಾಯ್ತು. ಮಿಕ್ಕಿದ್ದು ಯಾರು ನೋಡ್ತಾರೆ? ಕಾಳಿನ ಪುಟದಲ್ಲೂ ನೀನು ಏನೇನು ಬಿಟ್ಟಿದೀಯೋ!"

ಅವರು ಕರಡನ್ನು ತಿರುವಿ, ಒಂದನೇ ಪುಟ ತೆಗೆದು, ಮೊದಲ ಸಾಲಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟರು.

"ನಾಳೆ ಬರೋಕೆ ಹೇಳ್ರೀ," ಎಂದಳು ಸೊಸೆ ಫೋನಿನಲ್ಲಿ. "ಇನ್ನೂ ಮೂವತ್ತೊಂದು ಪುಟ ಓದೋದಿದೆ."

ಫೋನಿಟ್ಟು, ಕುರ್ಚಿ ಎಳೆದುಕೊಂಡು, ಕೈಗಳನ್ನು ಮಡಿಲಲ್ಲಿಟ್ಟು ಅತ್ತೆಯ ಎದುರಿಗೆ ಕೂತಳು.